ಹೊಳಪನ್ನೊಂದೇ ನಂಬಬೇಡಿ: ಪುಟ್ಟ ಅಣಬೆಗಳ ಗುರುತು ಹಿಡಿಯುವುದು ಹೇಗೆ?

ಮಳೆಗಾಲದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ, ಜಾಂಬೋಟಿ ಕಡೆ ಕೊಳೆತ ಮರದ ಬೊಡ್ಡೆ ಕಂಡರೆ ಸುಮ್ನೆ ದಾಟಿ ಹೋಗಬೇಡಿ. ಅದರ ಬುಡದಲ್ಲಿ ಅಣಬೆಗಳ ಸಂತೆಯೇ ನೆರೆದಿರಬಹುದು. ಹೀಗೆ ಗುಂಪುಗುಂಪಾಗಿ ಏಳುವವುಗಳಲ್ಲಿ ಗೊಂದಲ ಹುಟ್ಟಿಸುವ ಜೋಡಿ ಒಂದಿದೆ: ಕೊಪ್ರಿನೆಲ್ಲಸ್ ಮೈಕೇಶಿಯಸ್ ಮತ್ತು ಕೊಪ್ರಿನೆಲ್ಲಸ್ ಡಿಸೆಮಿನೇಟಸ್. ಮೊದಲು ಎರಡೂ ಕೊಪ್ರಿನಸ್ ಕುಲದಲ್ಲಿದ್ದವು. ಡಿಎನ್‌ಎ ಹೋಲಿಸಿ ನೋಡಿದ ಮೇಲೆ 2001ರಿಂದ ಎರಡನ್ನೂ ಈಗಿನ ಕುಲದಲ್ಲೇ ಎಣಿಸಲಾಗುತ್ತಿದೆ.

ಒಂದು ಭೂತಗನ್ನಡಿ, ಸಣ್ಣ ಸ್ಕೇಲು, ಬಿಳಿ ಹಾಳೆ, ಗಾಜಿನ ಲೋಟ ಇದ್ದರೆ ಸಾಕು.

ಮೊದಲು ಅಳತೆ. ಪೂರ್ತಿ ಅರಳಿದ ಟೋಪಿಯನ್ನೇ ಅಳೆಯಿರಿ, ಮೊಗ್ಗನ್ನಲ್ಲ. ಡಿಸೆಮಿನೇಟಸ್ ಒಂದೂವರೆ ಸೆಂಟಿಮೀಟರ್ ದಾಟುವುದು ಅಪರೂಪ. ಮೈಕೇಶಿಯಸ್ 2ರಿಂದ 5 ಸೆಂಟಿಮೀಟರ್ ಅಗಲವಾಗುತ್ತದೆ. ಚಿಕ್ಕದು ನೂರಾರು ಸಂಖ್ಯೆಯಲ್ಲಿ ಹರಡಿಕೊಳ್ಳುತ್ತದೆ, ದೊಡ್ಡದು ಒತ್ತೊತ್ತಾದ ಗೊಂಚಲಾಗಿ ಏಳುತ್ತದೆ.

ಆಮೇಲೆ ಬಣ್ಣ. ಮೈಕೇಶಿಯಸ್ ಜೇನುಕಂದು. ಡಿಸೆಮಿನೇಟಸ್ ಎಳೆಯದಿದ್ದಾಗ ಮಾಸಲು ಬಿಳಿ, ಬಲಿತಂತೆ ಬೂದು. ನಡುವೆ ಮಾತ್ರ ತಿಳಿಕಂದು ಉಳಿಯುತ್ತದೆ. ನೆರಿಗೆ ಎರಡರಲ್ಲೂ ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಳೆಯ ಮೈಕೇಶಿಯಸ್ ಟೋಪಿಯ ಮೇಲೆ ಅಭ್ರಕದ ಪುಡಿ ಉದುರಿಸಿದಂತೆ ಹೊಳೆಯುವ ಕಣಗಳಿರುತ್ತವೆ. ಪುಸ್ತಕಗಳಲ್ಲಿ ಇದೇ ಮುಖ್ಯ ಗುರುತು. ಆದರೆ ಕಣಕುಂಬಿಯ ಮಳೆಗೆ ಆ ಪುಡಿ ಎಷ್ಟು ಹೊತ್ತು ನಿಂತೀತು? ತೊಳೆದು ಹೋದ ಮೇಲೆ ಬೋಳು ಟೋಪಿ ನೋಡಿ ತಪ್ಪು ಹೆಸರು ಕೊಡುವುದು ಸುಲಭ. ಹಾಗಾಗಿ ಭೂತಗನ್ನಡಿ ಹಿಡಿದು ಡಿಸೆಮಿನೇಟಸ್‌ನ ಟೋಪಿಯ ಮೇಲಿನ ಸಣ್ಣ ರೋಮಗಳನ್ನೂ ಹುಡುಕಿ.

ನನ್ನ ಪ್ರಕಾರ ನಿಜವಾದ ಪರೀಕ್ಷೆ ಮುಪ್ಪಿನಲ್ಲಿದೆ. ಬಲಿತ ಟೋಪಿಯನ್ನು ಕೆಳಮುಖ ಮಾಡಿ ಹಾಳೆಯ ಮೇಲಿಟ್ಟು, ಲೋಟ ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಮೈಕೇಶಿಯಸ್ ಅಂಚಿನಿಂದ ಕರಗುತ್ತಾ ಕಪ್ಪು ಮಸಿಯಾಗುತ್ತದೆ. ಟೋಪಿಯಡಿಯ ಪದರಗಳನ್ನು ತನ್ನದೇ ಕಿಣ್ವಗಳಿಂದ ಜೀರ್ಣಿಸಿಕೊಂಡು ಬೀಜಕಗಳಿಗೆ, ಅಂದರೆ ಅಣಬೆಯ ಬೀಜದಂಥ ಪುಡಿಕಣಗಳಿಗೆ, ದಾರಿ ಬಿಡುವ ಉಪಾಯವದು. ಡಿಸೆಮಿನೇಟಸ್ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಮುದುಡಿ ಬಾಡುತ್ತದೆ. ಹಾಳೆಯ ಮೇಲೆ ಬೀಳುವ ಬೀಜಕದ ಗುರುತು ಮಾತ್ರ ಎರಡರದ್ದೂ ಗಾಢವೇ. ಬಣ್ಣ ನೋಡಿ ತೀರ್ಮಾನಿಸಬೇಡಿ, ಹಾಳೆ ಮಸಿಯಿಂದ ಒದ್ದೆಯಾಗಿದೆಯೇ ನೋಡಿ.

ಒಣಹವೆಯಲ್ಲಿ ಮೈಕೇಶಿಯಸ್ ಕೂಡ ಕರಗದೆ ಒಣಗುವುದುಂಟು. ಲೋಟದೊಳಗೆ ಒದ್ದೆ ಹತ್ತಿ ಇಡಿ. ಭೀಮಗಡ ವನ್ಯಧಾಮದೊಳಗೆ ಕೀಳುವ ಗೋಜು ಬೇಡ, ಫೋಟೋ ಸಾಕು. ಪರೀಕ್ಷೆಗೆ ನಿಮ್ಮ ಹಿತ್ತಲಿನ ಹಳೆಯ ಬೊಡ್ಡೆ ನೋಡಿ. ತಿನ್ನುವ ವಿಚಾರಕ್ಕೆ ಈ ಪರೀಕ್ಷೆ ಯಾವುದೂ ಸಾಲದು.