ಇಳಿಸಿದ ಹೋಂಡಾ ಸಿಟಿಗೆ ಟೈರ್ ಸೈಜ್ ಆರಿಸಿದ್ದು: ನಾನು ಹಾಕಿದ ಲೆಕ್ಕ

ಲೋವರಿಂಗ್ ಸ್ಪ್ರಿಂಗ್ (ಗಾಡಿಯ ಎತ್ತರ ಇಳಿಸುವ ಗಿಡ್ಡ ಸ್ಪ್ರಿಂಗ್) ಹಾಕಿಸಿದ ಗಾಡಿಗೆ ಅಲಾಯ್ ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಬೆರಳು ಹೋಗುತ್ತದೆ ಅಂತ. ಅದು ನಿಂತ ಗಾಡಿಯ ಅಳತೆ. ಟೈರ್ ಉಜ್ಜುವುದು ಐದು ಜನ ಕೂತು ಹಂಪ್ ಇಳಿದಾಗ, ಇಲ್ಲವೇ ಸ್ಟೀರಿಂಗ್ ಪೂರ್ತಿ ತಿರುಗಿಸಿ ಇಳಿಜಾರಿನ ಗೇಟು ಹತ್ತುವಾಗ. ಸೈಜ್ ನಿರ್ಧಾರ ಆಗಬೇಕಾದ್ದು ಆ ಹೊತ್ತಿಗೆ ಟೈರ್ ಎಲ್ಲಿರುತ್ತದೆ ಎಂಬುದರ ಮೇಲೆ. ಭಾರತಕ್ಕೆ 2014ರಲ್ಲಿ ಬಂದ ನಾಲ್ಕನೇ ತಲೆಮಾರಿನ ಸಿಟಿಯನ್ನು 35 ಮಿ.ಮೀ. ಇಳಿಸಿ, ಅದಕ್ಕೆ ನಾನು ವೀಲು, ಟೈರು ಆರಿಸಿದ್ದು ಹೀಗೆ. ಲೆಕ್ಕದ ಕ್ರಮ ಬೇರೆ ಸೆಡಾನ್‌ಗಳಿಗೂ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ.

ಮೊದಲು ಬಂಪ್ ಸ್ಟಾಪ್ ವಿಷಯ. ಶಾಕ್ ಅಬ್ಸಾರ್ಬರ್ ರಾಡಿನ ಮೇಲೆ ಕೂತಿರುವ ಆ ಫೋಮ್ ಅಥವಾ ರಬ್ಬರ್ ತುಂಡೇ ಚಕ್ರ ಎಷ್ಟು ಮೇಲೆ ಹೋಗಬಹುದು ಎಂದು ತೀರ್ಮಾನಿಸುವುದು. ಸ್ಪ್ರಿಂಗ್ ಮಾತ್ರ ಬದಲಿಸಿ ಕಂಪನಿಯ ಬಂಪ್ ಸ್ಟಾಪನ್ನು ಹಾಗೇ ಬಿಟ್ಟರೆ, ಟೈರ್ ತಲುಪುವ ಗರಿಷ್ಠ ಎತ್ತರ ಹೆಚ್ಚುಕಡಿಮೆ ಮೊದಲಿನಷ್ಟೇ. ಅಲ್ಲಿಗೆ ಪದೇ ಪದೇ ತಲುಪುತ್ತದೆ ಅಷ್ಟೆ. ಅದನ್ನು ಕತ್ತರಿಸಿದರೆ ಕತ್ತರಿಸಿದಷ್ಟೂ ಟೈರ್ ಒಳಗೆ ಏರುತ್ತದೆ. ಕೆಲವು ಸ್ಪ್ರಿಂಗ್ ಕಿಟ್‌ಗಳಲ್ಲಿ ಇಂತಿಷ್ಟು ಕತ್ತರಿಸಿ ಎಂದು ಬರೆದಿರುತ್ತಾರೆ, ಅದಕ್ಕಿಂತ ಒಂದು ಮಿ.ಮೀ. ಕೂಡ ಹೆಚ್ಚು ಬೇಡ. "ಹಂಪಲ್ಲಿ ತಟ್ತಾ ಇದೆ, ಬಂಪ್ ಸ್ಟಾಪ್ ಇನ್ನೊಂಚೂರು ಕಟ್ ಮಾಡೋಣ" ಅನ್ನುವ ಮೆಕ್ಯಾನಿಕ್ ಮಾತಿಗೆ ನಾನು ಯಾವತ್ತೂ ಒಪ್ಪುವುದಿಲ್ಲ. ಸೀಟಿಗೆ ಬರುವ ಹೊಡೆತ ಒಂದಿಷ್ಟು ಕಮ್ಮಿ ಆದೀತು, ಟೈರ್ ಹೋಗಿ ಆರ್ಚಿನ (ಚಕ್ರದ ಮೇಲಿನ ಬಾಡಿಯ ಕಮಾನು) ತಗಡಿಗೆ ಕೂರುತ್ತದೆ.

ಹಾಗಾಗಿ ಅಳತೆಗೆ ಒಳ್ಳೆಯ ದಿನವೆಂದರೆ ಸ್ಪ್ರಿಂಗ್ ಬದಲಿಸುವ ದಿನವೇ. ಹೇಗೂ ಸ್ಟ್ರಟ್ (ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಸೇರಿದ ಕಂಬ) ಬಿಚ್ಚಿರುತ್ತಾರೆ. ಸ್ಪ್ರಿಂಗ್ ಇಲ್ಲದೆ, ಬಂಪ್ ಸ್ಟಾಪ್ ಮಾತ್ರ ಇಟ್ಟು ಸ್ಟ್ರಟ್ಟನ್ನು ಮತ್ತೆ ಜೋಡಿಸಬೇಕು. ಗಾಡಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂತಿರಲಿ. ಕಂಪನಿ ಚಕ್ರ ಹಾಕಿ, ಲೋವರ್ ಆರ್ಮ್ ಕೆಳಗೆ ಜಾಕಿ ಕೊಟ್ಟು ಬಂಪ್ ಸ್ಟಾಪ್ ಚೆನ್ನಾಗಿ ಹಿಸುಕುವವರೆಗೂ ಎತ್ತಬೇಕು. ಆ ಸ್ಥಿತಿಯಲ್ಲಿ ಮೂರು ಅಳತೆ ಬರೆದುಕೊಳ್ಳುತ್ತೇನೆ. ಟೈರಿನ ಹೊರ ಉಬ್ಬಿನಿಂದ ಆರ್ಚಿನ ಅಂಚಿಗೆ ಅಡ್ಡಲಾಗಿ ಎಷ್ಟು. ಒಳ ಉಬ್ಬಿನಿಂದ ಸ್ಟ್ರಟ್ಟಿಗೆ ಎಷ್ಟು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಟೈರಿನ ಮುಂದೆ, ಹಿಂದೆ ಪ್ಲಾಸ್ಟಿಕ್ ಲೈನರ್‌ವರೆಗೆ ಎಷ್ಟು. ಸ್ಟ್ರಟ್ಟಿನ ಸಂದಿಗೆ ಟೇಪು ಹೋಗುವುದಿಲ್ಲ. ಆಲನ್ ಕೀ ಸೆಟ್ ತೆಗೆದುಕೊಂಡು 4, 5, 6, 8 ಎಂದು ಒಂದೊಂದೇ ತೂರಿಸಿ ನೋಡಿದರೆ ಮಿ.ಮೀ. ಲೆಕ್ಕದಲ್ಲೇ ಸಿಕ್ಕಿಬಿಡುತ್ತದೆ. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ಅಡ್ಡ ತೊಲೆ) ಇರುವುದರಿಂದ ಕೆಲಸ ಸುಲಭ, ಅಲ್ಲಿ ಚಿಂತೆ ಹೊರಗಿನ ಅಂಚಿನದು ಮಾತ್ರ.

ಇನ್ನು ಎತ್ತರದ ಲೆಕ್ಕ. ಸಿಟಿಯ ಮೇಲಿನ ವೇರಿಯಂಟ್‌ಗಳಿಗೆ 185/55 ಆರ್16, ಕೆಳಗಿನವಕ್ಕೆ 175/65 ಆರ್15. ಮೊದಲನೆಯದರ ಒಟ್ಟು ವ್ಯಾಸ: 16 ಇಂಚಿಗೆ 406.4 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆಯ ಎತ್ತರ) ಅಗಲ 185ರ ಶೇ. 55 ಅಂದರೆ 101.75, ಮೇಲೊಂದು ಕೆಳಗೊಂದು ಸೇರಿ 203.5, ಒಟ್ಟು 609.9. ಎರಡನೆಯದು 608.5. ಗಾಡಿಯ ಸ್ಪೀಡೋಮೀಟರ್, ಗೇರಿಂಗ್ ಎಲ್ಲ ಈ 610ರ ಸುತ್ತಮುತ್ತ ಹೊಂದಿಸಿದ್ದು. ಶೇ. 2ರ ಒಳಗೆ ಇರಬೇಕು ಎಂಬುದು ನನ್ನ ಮಿತಿ.

ಪೇಟೆಯಲ್ಲಿ ಸಿಟಿಗೆ ಸೂಚಿಸುವ ಸೈಜುಗಳನ್ನು ಇದರ ಪಕ್ಕ ಇಟ್ಟರೆ ಬಹಳಷ್ಟು ಅಲ್ಲೇ ಉದುರುತ್ತವೆ. 205/40 ಆರ್17 ವ್ಯಾಸ 595.8, ಶೇ. 2.3 ಗಿಡ್ಡ. ಆರ್ಚಿಗೆ ಜಾಗ ಸಿಗುತ್ತದೆ ಎಂದು ಇದನ್ನು ಹಾಕಿಸುತ್ತಾರೆ, ಆದರೆ ಗಾಡಿ ಇನ್ನೂ 7 ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ. ಸಿಟಿಯ ಕಂಪನಿ ಗ್ರೌಂಡ್ ಕ್ಲಿಯರೆನ್ಸ್ 165; ಸ್ಪ್ರಿಂಗ್‌ನಿಂದ 35 ಹೋಯಿತು, ಟೈರಿನಿಂದ 7 ಹೋಯಿತು, ಉಳಿದದ್ದು 123. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಅದನ್ನು ದಾಟಬಹುದು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಡಾಂಬರು ಸುರಿದು ಮಾಡಿರುವ ಗಿಡ್ಡ, ಚೂಪು ಹಂಪಿನ ಮೇಲೆ 2600 ಮಿ.ಮೀ. ವೀಲ್‌ಬೇಸಿನ ಗಾಡಿಗೆ ಆ 7 ಮಿ.ಮೀ. ತುಂಬಾ ದೊಡ್ಡದು. ಇನ್ನೊಂದು ತುದಿಯಲ್ಲಿ 215/45 ಆರ್17: 625.3, ಶೇ. 2.5 ಎತ್ತರ, ಇಳಿಸಿದ ಗಾಡಿಗೆ ಆಗದ ಮಾತು. ಬಲೆನೊ, ಐ20 ಗಾಡಿಗಳಿಗೆ ಬರುವುದರಿಂದ 195/55 ಆರ್16 ಎಲ್ಲೆಡೆ ಸಿಗುತ್ತದೆ, 620.9. ಇಳಿಸದ ಸಿಟಿಗೆ ಚೆನ್ನಾದ ಆಯ್ಕೆ, ಇಳಿಸಿದ್ದಕ್ಕೆ ಆರ್ಚಿನ ಕಡೆ 5.5 ಮಿ.ಮೀ. ಹೆಚ್ಚು ಏರುತ್ತದೆ. ಉಳಿದದ್ದು ಮೂರು: 195/50 ಆರ್16 (601.4), 205/50 ಆರ್16 (611.4), 205/45 ಆರ್17 (616.3).

ಇಲ್ಲಿಂದ ಮುಂದೆ ಅಗಲದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ಟೈರಿನ ಮೇಲೆ ಬರೆದ 205 ಹೆಸರಿಗೆ ಮಾತ್ರ. ನಿಜವಾದ ಉಬ್ಬಿನ ಅಗಲ ಪ್ರತಿ ಸೈಜಿಗೂ ನಿಗದಿಯಾದ ಅಳತೆಯ ರಿಮ್ ಮೇಲೆ ಕೊಟ್ಟಿರುತ್ತದೆ. 185/55 ಆರ್16 ಆರು ಇಂಚಿನ ರಿಮ್ ಮೇಲೆ ಸುಮಾರು 194. 205/50 ಆರ್16 ಆರೂವರೆ ಇಂಚಿನ ಮೇಲೆ 214. 205/45 ಆರ್17 ಏಳು ಇಂಚಿನ ಮೇಲೆ 206. ಎರಡೂ 205 ಎಂದೇ ಮಾರಾಟವಾಗುತ್ತವೆ, ನಡುವೆ 8 ಮಿ.ಮೀ. ವ್ಯತ್ಯಾಸ! ರಿಮ್ ಅರ್ಧ ಇಂಚು ಅಗಲವಾದರೆ ಟೈರ್ ಸುಮಾರು 5 ಮಿ.ಮೀ. ಅಗಲವಾಗುತ್ತದೆ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೂ ಸ್ವಲ್ಪ ಬದಲಾಗುವುದರಿಂದ ಕೊಳ್ಳುವ ಟೈರಿನ ಟೇಬಲ್ ನೋಡಲೇಬೇಕು.

ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ರಿಮ್ಮಿನ ಅಂಚನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಸ್ಟ್ರಟ್ಟಿಗೆ, ಆರ್ಚಿಗೆ ಮೊದಲು ತಾಗುವುದು ಟೈರಿನ ಉಬ್ಬು. ಅದಕ್ಕೇ ನಾನು ಟೈರಿನಿಂದಲೇ ಲೆಕ್ಕ ಹಾಕುತ್ತೇನೆ: ಉಬ್ಬಿನ ಅಗಲದ ಅರ್ಧದಿಂದ ಆಫ್‌ಸೆಟ್ (ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದು) ಕಳೆದರೆ ಹೊರಗಿನ ಅಂಚು, ಕೂಡಿಸಿದರೆ ಒಳಗಿನ ಅಂಚು. ಕಂಪನಿ ಚಕ್ರದ ಆಫ್‌ಸೆಟ್ ಅದರ ಹಿಂಬದಿಯ ಎರಕದಲ್ಲೇ ಇರುತ್ತದೆ, ತೊಳೆದು ಓದಬೇಕು. ಇಲ್ಲಿ ಲೆಕ್ಕಕ್ಕೆ 50 ಎಂದು ಹಿಡಿಯೋಣ. 185/55ಕ್ಕೆ 97 ಕಳೆ 50, ಹೊರಗೆ 47. 97 ಕೂಡು 50, ಒಳಗೆ 147.

ಈಗ 16 ಇಂಚು, 6.5ಜೆ (ರಿಮ್ ಅಗಲ ಆರೂವರೆ ಇಂಚು), ಆಫ್‌ಸೆಟ್ 45, 205/50: ಹೊರಗೆ 62, ಒಳಗೆ 152. ಅಂದರೆ ಹೊರಗೆ 15 ಹೆಚ್ಚು, ಒಳಗೆ 5 ಹೆಚ್ಚು. ಅದೇ 17 ಇಂಚು, 7ಜೆ, ಆಫ್‌ಸೆಟ್ 45, 205/45: ಹೊರಗೆ 58, ಒಳಗೆ 148. ಹೊರಗೆ 11, ಒಳಗೆ ಬರೀ 1. ವೀಲ್ ದೊಡ್ಡದಾದರೂ ಟೈರ್ ಕಡಿಮೆ ಜಾಗ ಕೇಳುತ್ತಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆಫ್‌ಸೆಟ್ 35ರ ವೀಲಿಗೆ ಇದೇ ಟೈರ್ ಹಾಕಿದರೆ ಒಳಗೆ 9 ಉಳಿಯುತ್ತದೆ, ಹೊರಗೆ 21 ಚಾಚುತ್ತದೆ. ಹಿಂದೆ ಇಬ್ಬರು ಕೂತು ಡಿಕ್ಕಿ ತುಂಬಿದರೆ ಆರ್ಚಿನ ಅಂಚು ಟೈರಿನ ಭುಜವನ್ನು ಕೆತ್ತುತ್ತದೆ.

ಈ ಹೆಚ್ಚುವರಿಯನ್ನು ಮೊದಲು ಬರೆದುಕೊಂಡ ಅಳತೆಯಿಂದ ಕಳೆಯಬೇಕು. ಸ್ಟ್ರಟ್ ಕಡೆ 4 ಮಿ.ಮೀ., ಆರ್ಚ್ ಕಡೆ 8 ಮಿ.ಮೀ. ಉಳಿಯದಿದ್ದರೆ ನಾನು ಆ ಸೈಜಿಗೆ ಕೈ ಹಾಕುವುದಿಲ್ಲ. ಹೊರಗೆ ಹೆಚ್ಚು ಬಿಡುವುದಕ್ಕೆ ಕಾರಣವಿದೆ: ಗುಂಡಿಯಲ್ಲಿ ಬುಷ್‌ಗಳು ಬಾಗುತ್ತವೆ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ಬಳುಕುತ್ತದೆ.

ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ, ಬಗ್ಗೆ ಒಂದು ಮಾತು. ಗಾಡಿ ಇಳಿದಾಗ ಮುಂದಿನ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಒಂದು ಡಿಗ್ರಿಗೆ ಟೈರಿನ ಮೇಲ್ತುದಿ ಸುಮಾರು 5 ಮಿ.ಮೀ. ಒಳಗೆ ಹೋಗುತ್ತದೆ, ಆರ್ಚಿಗೆ ಅಷ್ಟು ಲಾಭ. ಸ್ಟ್ರಟ್ ಕೂಡ ಜೊತೆಗೇ ವಾಲುವುದರಿಂದ ಒಳಗಿನ ಸಂದಿ ಬದಲಾಗುವುದಿಲ್ಲ. ಆದರೆ ಸ್ಟ್ರಟ್ಟಿನ ಕೆಳಗಿನ ಎರಡು ಬೋಲ್ಟುಗಳಲ್ಲಿ ಒಂದಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿ ಇನ್ನಷ್ಟು ನೆಗೆಟಿವ್ (ತಲೆ ಒಳಕ್ಕೆ) ಮಾಡಿದರೆ ಟೈರ್ ಸ್ಟ್ರಟ್ಟಿನ ಕಡೆಗೇ ಬರುತ್ತದೆ. ಆರ್ಚ್ ಉಳಿಸಲು ಹೋಗಿ ಸೈಡ್‌ವಾಲನ್ನು ಸ್ಟ್ರಟ್ಟಿಗೆ ತಿಕ್ಕಿಸಿದಂತಾಗುತ್ತದೆ. ಇದು ಹೊರಗಿನಿಂದ ಕಾಣುವುದಿಲ್ಲ, ಚಕ್ರ ಬಿಚ್ಚಿದಾಗ ಒಳಬದಿಯಲ್ಲಿ ನುಣುಪಾದ ಪಟ್ಟೆ ಕಂಡರೆ ಅದೇ ಎಂದು ತಿಳಿಯಬೇಕು.

ನಾನು ಕೊನೆಗೆ ನಿಂತದ್ದು 205/45 ಆರ್17ರಲ್ಲಿ, 7ಜೆ, ಆಫ್‌ಸೆಟ್ 45. ಆ ಸೈಜಿಗೆ ಒಪ್ಪುವ ರಿಮ್ 6.5ರಿಂದ 7.5, ಹಾಗಾಗಿ 7 ಸರಿಯಾಗಿ ನಡುವೆ ಕೂರುತ್ತದೆ. ಗಾಡಿಯ ಟೈರಿನ ಲೋಡ್ ಇಂಡೆಕ್ಸ್ 83, ಅಂದರೆ ಟೈರೊಂದಕ್ಕೆ 487 ಕೆ.ಜಿ. 205/45 ಆರ್17 ಎರಡು ಬಗೆಯಲ್ಲಿ ಬರುತ್ತದೆ: 84 (500 ಕೆ.ಜಿ.), ಇನ್ನೊಂದು ಹೆಚ್ಚು ಭಾರ ಹೊರುವ ಎಕ್ಸ್‌ಎಲ್ 88 (560 ಕೆ.ಜಿ.). ನಮ್ಮ ರಸ್ತೆಗೆ ಎಕ್ಸ್‌ಎಲ್ ಬಿಟ್ಟು ಬೇರೆ ಕೊಳ್ಳಬಾರದು. ಒಂದು ಎಚ್ಚರ, ಎಕ್ಸ್‌ಎಲ್ ಟೈರ್ ತನ್ನ ಪೂರ್ತಿ ಭಾರ ಹೊರುವುದು 42 ಪಿಎಸ್‌ಐನಲ್ಲಿ, ಸಾಮಾನ್ಯ ಟೈರ್ 36ರಲ್ಲೇ. ಆದ್ದರಿಂದ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿರುವ ಗಾಳಿಗಿಂತ 3 ಪಿಎಸ್‌ಐ ಹೆಚ್ಚು ಇಡುತ್ತೇನೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಈ ಟೈರಿನ ಸೈಡ್‌ವಾಲ್ 92 ಮಿ.ಮೀ., ಕಂಪನಿಯದು 102. ಗಾಳಿ ಕಡಿಮೆಯಿದ್ದು ಚೂಪು ಅಂಚಿನ ಗುಂಡಿಗೆ ಬಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸೈಡ್‌ವಾಲ್ ಸಿಕ್ಕಿ ಒಳಗಿನ ದಾರ ಕಡಿಯುತ್ತದೆ, ಮೇಲೆ ಮೊಟ್ಟೆಯಷ್ಟು ಉಬ್ಬು ಬರುತ್ತದೆ. ಅದಕ್ಕೆ ಪ್ಯಾಚ್ ಇಲ್ಲ, ಟೈರ್ ಬದಲಿಸಲೇಬೇಕು. ದಿನವೂ ಹಾಳು ರಸ್ತೆಯಲ್ಲಿ ಓಡಾಡುವವರಿಗೆ ನಾನು 17 ಹೇಳುವುದಿಲ್ಲ. 16 ಇಂಚಿನ 6.5ಜೆ ರಿಮ್ಮಿಗೆ ಕಂಪನಿಯ 185/55 ಹಾಕಿಕೊಳ್ಳುವುದೇ ಲೇಸು. ಅದು ಆ ಟೈರಿನ ರಿಮ್ ಮಿತಿಯೊಳಗೇ ಇದೆ, ಗ್ರೌಂಡ್ ಕ್ಲಿಯರೆನ್ಸೂ ಇದ್ದಷ್ಟೇ ಉಳಿಯುತ್ತದೆ. 195/50 ಆರ್16 ಕಾಗದದ ಮೇಲೆ ಚೆನ್ನ, ಸಿಗುವುದು ಕಷ್ಟ. ವೀಲಿಗೆ ಅಡ್ವಾನ್ಸ್ ಕೊಡುವ ಮುಂಚೆ ಬೆಂಗಳೂರಿನ ಜೆ.ಸಿ. ರಸ್ತೆಯ ನಾಲ್ಕು ಅಂಗಡಿಗೆ ಫೋನ್ ಮಾಡಿ, ಬೇಕಾದ ಟೈರ್ ಇದೆಯಾ, ಯಾವ ವಾರ ತಯಾರಾದದ್ದು ಕೇಳಬೇಕು. ಸೈಡ್‌ವಾಲ್ ಮೇಲೆ 2324 ಎಂದಿದ್ದರೆ 2024ರ 23ನೇ ವಾರ.

ಕೂರಿಸುವಾಗ ಸಿಟಿಯ ಅಂಕಿಗಳು: ಪಿಸಿಡಿ 4x100 (100 ಮಿ.ಮೀ. ವೃತ್ತದಲ್ಲಿ ನಾಲ್ಕು ಬೋಲ್ಟ್), ಹಬ್ 56.1 ಮಿ.ಮೀ., ನಟ್ 12x1.5. ಹೊರಗಿನ ವೀಲುಗಳ ನಡುವಿನ ತೂತು ಹೆಚ್ಚಾಗಿ 67.1 ಅಥವಾ 73.1 ಇರುತ್ತದೆ. ಅಲ್ಲಿ ಆ ಸಂದಿ ತುಂಬುವ ಹಬ್ ರಿಂಗ್ ಹಾಕದಿದ್ದರೆ ವೀಲ್ ಕೇಂದ್ರ ತಪ್ಪಿ ಕೂತು, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೆದ್ದಾರಿ ವೇಗದಲ್ಲಿ ಸ್ಟೀರಿಂಗ್ ಅದುರಬಹುದು. ಹೋಂಡಾ ಕಂಪನಿಯ ನಟ್‌ಗಳ ಬುಡ ಗೋಳದ ಆಕಾರ, ಹೊರಗಿನ ಅಲಾಯ್‌ಗಳ ಗುಳಿ 60 ಡಿಗ್ರಿಯ ಶಂಕು. ಹಳೇ ನಟ್ಟನ್ನೇ ಬಿಗಿದರೆ ಗೆರೆಯಷ್ಟು ಜಾಗದಲ್ಲಿ ಮಾತ್ರ ಹಿಡಿಯುತ್ತದೆ, ಓಡಾಡುತ್ತ ಸಡಿಲವಾಗುತ್ತದೆ. ಶಂಕು ನಟ್ ಹದಿನಾರು ಹೊಸದು ಕೊಂಡು, ಟಾರ್ಕ್ ರೆಂಚಿನಲ್ಲಿ 108 ಎನ್‌ಎಂಗೆ ಬಿಗಿಸಿ, 100 ಕಿ.ಮೀ. ಒಳಗೆ ಇನ್ನೊಮ್ಮೆ ನೋಡಬೇಕು. ಇಂಪ್ಯಾಕ್ಟ್ ಗನ್ನಿನಲ್ಲೇ ಮುಗಿಸಲು ಬಿಡಬೇಡಿ.

ಅಲೈನ್‌ಮೆಂಟ್ ಸ್ಪ್ರಿಂಗ್ ಕೂತ ಮೇಲೆ, ಕೆಲವು ನೂರು ಕಿ.ಮೀ. ಓಡಿಸಿ ಮಾಡಿಸುವುದು ಸರಿ. ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನು ದೂರುತ್ತಾರೆ, ನಿಜವಾಗಿ ಬೇಗ ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು. ಅಲೈನ್‌ಮೆಂಟ್ ಮುಗಿದ ಮೇಲೆ ಪ್ರಿಂಟ್ ಕೇಳಿ ಪಡೆದು ಟೋ ಹಸಿರಲ್ಲಿ, ಅಂದರೆ ಮಿತಿಯೊಳಗೆ, ಇದೆಯಾ ನೋಡಿಕೊಳ್ಳಬೇಕು.

ಮೊದಲ ವಾರ ಉಜ್ಜುವ ಗುರುತು ಹುಡುಕಬೇಕಾದ ಜಾಗಗಳು: ಮುಂದೆ ಬಂಪರ್ ಮತ್ತು ಮಡ್‌ಗಾರ್ಡ್ ಕೂಡುವಲ್ಲಿನ ಸ್ಕ್ರೂ, ಲೈನರಿನ ಹಿಂಭಾಗ, ಹಿಂದೆ ಬಂಪರಿನ ಪ್ಲಾಸ್ಟಿಕ್ ಕಿವಿ. ಲೈನರ್ ಮೇಲೆ ಅಲ್ಲಲ್ಲಿ ಸೀಮೆಸುಣ್ಣ ಬಳಿದರೆ ತಾಗಿದ್ದು ಸ್ಪಷ್ಟವಾಗಿ ಕಾಣುತ್ತದೆ. ಪ್ಲಾಸ್ಟಿಕ್ ಸ್ವಲ್ಪ ತಾಗಿದರೆ ಹೀಟ್ ಗನ್ನಿನಲ್ಲಿ ಒಳಕ್ಕೆ ಒತ್ತಬಹುದು. ತಗಡು ತಾಗಿದರೆ ಸೈಜ್ ತಪ್ಪು ಎಂದರ್ಥ, ಅಂಚು ಮಡಚಿಸಿ ಬಣ್ಣ ಬಿರಿಸಿ ತುಕ್ಕು ತರಿಸಿಕೊಳ್ಳಬಾರದು.

ಇನ್ನು ಕಾನೂನು. ವಾಹನದ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಗಾಡಿ ಇಳಿಸುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆಯವರಿಗೆ ಲಿಖಿತವಾಗಿ ತಿಳಿಸಬೇಕು. ಟೈರ್ ಮಡ್‌ಗಾರ್ಡಿನಿಂದ ಹೊರಗೆ ಚಾಚುವ ಸೈಜಂತೂ ಬೇಡವೇ ಬೇಡ.

ಸ್ಟೆಪ್ನಿ ಕಂಪನಿಯ 175/65 ಆರ್15 ಆಗಿಯೇ ಉಳಿಯಲಿ; ಹೊಸ ಟೈರಿಗಿಂತ ಶೇ. 1.3 ಗಿಡ್ಡ, ಪಂಕ್ಚರ್ ಅಂಗಡಿವರೆಗೆ ಸಾಕು. ದೂರ ಹೋಗಬೇಕಿದ್ದರೆ ಅದನ್ನು ಹಿಂದಕ್ಕೆ ಹಾಕಿ, ಮುಂದೆ ಎರಡೂ ಒಂದೇ ವ್ಯಾಸದವು ಇರುವಂತೆ ನೋಡಿಕೊಳ್ಳಿ. ಆ ಕಬ್ಬಿಣದ ಚಕ್ರಕ್ಕೆ ಶಂಕು ನಟ್ ಕೂರುವುದಿಲ್ಲ. ಕಂಪನಿಯ ಗೋಳ ನಟ್ ನಾಲ್ಕನ್ನು ಸಣ್ಣ ಚೀಲದಲ್ಲಿ ಹಾಕಿ, ಸ್ಪ್ಯಾನರ್ ಜೊತೆಗೇ ಡಿಕ್ಕಿಯಲ್ಲಿ ಇಟ್ಟಿರಿ.