ಹಳೇ ಪುಟ್ಟ ಟ್ರ್ಯಾಕ್ಟರ್‌ಗಳ ಬಳಗಕ್ಕೆ ಸೇರುವುದು ಹೇಗೆ?

ಹಳೇ ಟ್ರ್ಯಾಕ್ಟರ್ ಹುಚ್ಚಿನವರ ಜೊತೆ ಸೇರಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಹೋಗಿ ಒಂದು ಟ್ರ್ಯಾಕ್ಟರ್ ಕೊಂಡುಬಿಡುತ್ತಾರೆ. ನನ್ನ ಪ್ರಕಾರ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಈ ಬಳಗದಲ್ಲಿ ಸ್ವಂತ ಗಾಡಿ ಇಲ್ಲದವರೂ ಬೇಕಾದಷ್ಟು ಇರುತ್ತಾರೆ. ಒಬ್ಬರು ಕಾರ್ಬುರೇಟರ್ ಬಿಚ್ಚಿ ತೊಳೆಯುವುದರಲ್ಲಿ ಪಳಗಿದವರು. ಇನ್ನೊಬ್ಬರ ಬಳಿ ಹಳೇ ಮ್ಯಾನ್ಯುಯಲ್‌ಗಳ ಕಪಾಟೇ ಇರುತ್ತದೆ. ಮತ್ತೊಬ್ಬರು ಸುಮ್ನೆ ಎಂಜಿನ್ ಸದ್ದು ಕೇಳಲು ಬರುವವರು. ಹೊಸಬರು ಬಂದಾಗ ಹಳಬರು ನೋಡುವುದು ಎರಡೇ ವಿಷಯ: ಇವರು ಎಂಥ ಪ್ರಶ್ನೆ ಕೇಳುತ್ತಾರೆ, ಕೈಗೆ ಗ್ರೀಸ್ ಮೆತ್ತಿಕೊಳ್ಳಲು ತಯಾರಿದ್ದಾರಾ?

ಒಂದು ಮಾಡೆಲ್ ಹಿಡಿಯಿರಿ

ಪುಟ್ಟ ಟ್ರ್ಯಾಕ್ಟರ್ ಅಂದರೆ ಹೆಚ್ಚುಕಡಿಮೆ 10ರಿಂದ 35 ಅಶ್ವಶಕ್ತಿಯ ಗಾಡಿ. 1930ರ ದಶಕದ ಕೊನೆಯಿಂದ 1960ರ ದಶಕದವರೆಗೆ ಬಂದವುಗಳ ಮೇಲೆ ಅಭಿಮಾನಿಗಳಿಗೆ ಜಾಸ್ತಿ ಪ್ರೀತಿ. ‘ನನಗೆ ಹಳೇದು ಯಾವುದಾದರೂ ಇಷ್ಟ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಒಂದು ಮಾಡೆಲ್ ಹಿಡಿದು ಓದಿಕೊಂಡು ಹೋದರೆ ಮಾತು ತಾನಾಗಿ ಬೆಳೆಯುತ್ತದೆ.

ಶುರು ಮಾಡುವವರಿಗೆ ನಾನು ಹೇಳುವುದು ಎರಡರಲ್ಲಿ ಒಂದು: ಫರ್ಗ್ಯುಸನ್ ಟಿಇ20 ಅಥವಾ ಫೋರ್ಡ್ 8ಎನ್. ಎರಡೂ 5 ಲಕ್ಷಕ್ಕಿಂತ ಹೆಚ್ಚು ತಯಾರಾದವು. ಹಾಗಾಗಿ ಇವತ್ತಿಗೂ ಬಿಡಿಭಾಗ ಸಿಗುತ್ತದೆ, ಗೊತ್ತಿರುವ ಜನರೂ ಸಿಗುತ್ತಾರೆ. ಇವೆರಡರ ಕಥೆಯನ್ನು ತಿಳಿದುಕೊಂಡೇ ಹೋಗಿ, ಯಾಕೆಂದರೆ ಯಾವ ಕೂಟದಲ್ಲಾದರೂ ಇದು ಬಂದೇ ಬರುತ್ತದೆ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಮೂರು ಕೊಂಡಿಯ ಹಿಚ್ಚನ್ನು (ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ವ್ಯವಸ್ಥೆ) ಹೈಡ್ರಾಲಿಕ್ ಲಿಫ್ಟ್‌ಗೆ ಜೋಡಿಸಿದ. ಅಲ್ಲಿಯವರೆಗೆ ನೇಗಿಲನ್ನು ಹಿಂದೆ ಕಟ್ಟಿ ಎಳೆಯುತ್ತಿದ್ದರು. ಅದು ಬಂಡೆಗೆ ಸಿಕ್ಕರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತಿತ್ತು. ಹೊಸ ಹಿಚ್‌ನಲ್ಲಿ ನೇಗಿಲಿನ ಎಳೆತವೇ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ, ಮೇಲಿನ ಕೊಂಡಿ ಮೂತಿಯನ್ನು ಏಳಲು ಬಿಡುವುದಿಲ್ಲ. ಹಗುರ ಗಾಡಿಯಲ್ಲೂ ಗಟ್ಟಿ ಉಳುಮೆ ಸಾಧ್ಯವಾದದ್ದು ಹೀಗೆ.

1938ರಲ್ಲಿ ಫರ್ಗ್ಯುಸನ್ ಮತ್ತು ಹೆನ್ರಿ ಫೋರ್ಡ್ ಕಾಗದ ಪತ್ರ ಇಲ್ಲದೆ, ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. 1939ರಲ್ಲಿ ಆ ಹಿಚ್ ಇದ್ದ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಯುದ್ಧ ಮುಗಿದ ಮೇಲೆ ಫೋರ್ಡ್ ಕಂಪನಿ ಮೊಮ್ಮಗನ ಕೈಗೆ ಹೋಯಿತು, ಒಪ್ಪಂದ ಮುರಿಯಿತು. ಕಂಪನಿ 1947ರಲ್ಲಿ ತನ್ನದೇ 8ಎನ್ ತಂದಿತು. ಅದರಲ್ಲೂ ಅದೇ ಹಿಚ್! ಫರ್ಗ್ಯುಸನ್ ಕೋರ್ಟಿಗೆ ಹೋದ. 1952ರಲ್ಲಿ 92.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಅಷ್ಟು ಹೊತ್ತಿಗೆ ಅವನ ಟಿಇ20 ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದಲೇ ತಯಾರಾಗುತ್ತಿತ್ತು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಆಸ್ತಿ ಜಗಳ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಇನ್ನೊಂದು ವಿಷಯ ಫರ್ಗ್ಯುಸನ್ ಅಭಿಮಾನಿಗಳು ಹೇಳದೆ ಬಿಡುವುದಿಲ್ಲ. ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಇದೇ ಪುಟ್ಟ ಟಿಇ20 ಟ್ರ್ಯಾಕ್ಟರ್‌ಗಳಲ್ಲಿ. ಹಿಮದ ಮೇಲೆ ಓಡಲು ಚಕ್ರಗಳಿಗೆ ಪಟ್ಟಿ ಹಾಕಿಕೊಂಡಿದ್ದರು.

ಇವು ಬೇಡ ಅನ್ನಿಸಿದರೆ ಇನ್ನೂ ಚಿಕ್ಕವು ಇವೆ. 1947ರಲ್ಲಿ ಬಂದ ಫಾರ್ಮಾಲ್ ಕಬ್‌ನಲ್ಲಿ ಎಂಜಿನ್ ಒಂದು ಪಕ್ಕಕ್ಕೆ, ಸೀಟು ಇನ್ನೊಂದು ಪಕ್ಕಕ್ಕೆ. ಕೂತಲ್ಲಿಂದಲೇ ಕೆಳಗಿನ ಸಾಲು ಕಾಣುತ್ತದೆ. ಅದರಲ್ಲಿ ವಾಟರ್ ಪಂಪೂ ಇಲ್ಲ. ಬಿಸಿ ನೀರು ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಎಂಜಿನ್ ತಣ್ಣಗಾಗುತ್ತದೆ. ಆಲಿಸ್ ಚಾಲ್ಮರ್ಸ್ ಜಿ ಎಂಬುದರ ಎಂಜಿನ್ ಸೀಟಿನ ಹಿಂದಿದೆ. ತರಕಾರಿ ಬೆಳೆಯುವವರು ಅದನ್ನು ಬ್ಯಾಟರಿಗೆ ಬದಲಾಯಿಸಿ ಈಗಲೂ ಓಡಿಸುತ್ತಾರೆ. ಸದ್ದಿನ ಹುಚ್ಚಿದ್ದರೆ ಎರಡು ಸಿಲಿಂಡರಿನ ಹಳೇ ಜಾನ್ ಡಿಯರ್ ಹಿಡಿಯಿರಿ.

ನಂಬರ್ ಓದಲು ಕಲಿಯಿರಿ

ಈ ಬಳಗದಲ್ಲಿ ಯಾವ ಪ್ರಶ್ನೆಗಾದರೂ ಬರುವ ಮೊದಲ ಉತ್ತರ ‘ಸೀರಿಯಲ್ ನಂಬರ್ ಎಷ್ಟು?’ ಇದು ಒಣ ಜಂಬ ಅಲ್ಲ. 8ಎನ್‌ನ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗ) ಮೊದಲು ಎಂಜಿನ್ನಿನ ಮುಂದೆ, ಫ್ಯಾನಿನ ಹಿಂದೆ ಅಡಗಿ ಕೂತಿತ್ತು. 1950ರಲ್ಲಿ, ನಂಬರ್ 263844ರಿಂದ, ಅದು ಪಕ್ಕಕ್ಕೆ ಬಂತು. ನಿಮ್ಮದು ಯಾವುದು ಎಂದು ಹೇಳದೆ ಅದರೊಳಗಿನ ಪಾಯಿಂಟ್ ಸೆಟ್ ತರಿಸಿದರೆ ಅದು ಕೂರುವುದೇ ಇಲ್ಲ. ಫರ್ಗ್ಯುಸನ್‌ನಲ್ಲಿ ಪ್ಲೇಟಿನ ಅಕ್ಷರ ನೋಡಬೇಕು. ಟಿಇಎ ಅಂದರೆ ಪೆಟ್ರೋಲ್, ಟಿಇಡಿ ಅಂದರೆ ಸೀಮೆಎಣ್ಣೆಯಂಥ ಇಂಧನ, ಟಿಇಎಫ್ ಅಂದರೆ ಡೀಸೆಲ್.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಫೋರ್ಡ್ ಎನ್ ಸರಣಿಯಲ್ಲಿ ನಂಬರ್ ಕೆತ್ತಿರುವುದು ಎಂಜಿನ್ ಬ್ಲಾಕಿನ ಎಡಮಗ್ಗುಲಲ್ಲಿ. ಎಪ್ಪತ್ತು ವರ್ಷದಲ್ಲಿ ಯಾರೋ ಎಂಜಿನ್ ಬದಲಿಸಿದ್ದರೆ ಆ ನಂಬರ್ ಎಂಜಿನ್ನಿನ ವಯಸ್ಸು ಹೇಳುತ್ತದೆಯೇ ಹೊರತು ಗಾಡಿಯದ್ದಲ್ಲ. ಅದಕ್ಕೇ ಜಾಣರು ಗೇರ್ ಬಾಕ್ಸಿನಲ್ಲಿ ಎಷ್ಟು ಗೇರ್ ಇದೆ ಎಂದೂ ನೋಡುತ್ತಾರೆ. 9ಎನ್‌ಗೆ ಮುಂದಕ್ಕೆ ಮೂರು, 8ಎನ್‌ಗೆ ನಾಲ್ಕು.

ಪ್ರಶ್ನೆ ಕೇಳುವ ರೀತಿ

‘ಗಾಡಿ ಸ್ಟಾರ್ಟ್ ಆಗ್ತಿಲ್ಲ, ಏನ್ ಮಾಡ್ಲಿ?’ ಎಂದು ಕೇಳಿದರೆ ಹತ್ತು ಜನ ಹತ್ತು ಊಹೆ ಹೇಳುತ್ತಾರೆ. ಹೀಗೆ ಕೇಳಿ ನೋಡಿ: ‘ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ನಿಲ್ಲುತ್ತದೆ. ಒಂದು ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ.’ ಅನುಭವಸ್ಥರು ಆಗ ಕೇಳುವುದು ಎರಡೇ ಮಾತು. ನಿಂತ ಕೂಡಲೇ ಪ್ಲಗ್ಗಿನಲ್ಲಿ ಕಿಡಿ ಇತ್ತಾ? ಟ್ಯಾಂಕಿನ ಮುಚ್ಚಳ ಸಡಿಲ ಮಾಡಿದರೆ ಸರಿಹೋಯಿತಾ? ಕಿಡಿ ಇಲ್ಲದಿದ್ದರೆ ಕಿಡಿ ಹುಟ್ಟಿಸುವ ಭಾಗಗಳಾದ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ. ಮುಚ್ಚಳ ತೆಗೆದಾಗ ಸರಿಹೋದರೆ ಅದರ ಗಾಳಿ ತೂತು ಕಟ್ಟಿಕೊಂಡಿದೆ ಎಂದರ್ಥ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ ಅಲ್ವಾ?

ಸಲಹೆ ಸಿಕ್ಕಿ ಗಾಡಿ ಸರಿಹೋದ ಮೇಲೆ ಯಾವುದರಿಂದ ಸರಿಹೋಯಿತು ಎಂದು ವಾಪಸ್ ಹೇಳಿ. ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಮಾಡುವವರನ್ನು ಬಳಗ ಮರೆಯುವುದಿಲ್ಲ.

ಕೂಟಕ್ಕೆ ಹೋಗಿ

ಹಳೇ ಯಂತ್ರಗಳ ಪ್ರದರ್ಶನ, ಟ್ರ್ಯಾಕ್ಟರ್ ಸವಾರಿ, ಉಳುಮೆ ಸ್ಪರ್ಧೆ: ಕೂಟ ಎಂದರೆ ಮುಖ್ಯವಾಗಿ ಇವು ಮೂರು. ಅಮೆರಿಕದ ಅಯೋವಾದ ಮೌಂಟ್ ಪ್ಲೆಸೆಂಟ್‌ನಲ್ಲಿ 1950ರಿಂದ ನಡೆಯುತ್ತಿರುವ ಓಲ್ಡ್ ಥ್ರೆಶರ್ಸ್ ರೀಯೂನಿಯನ್ ದೊಡ್ಡ ಜಾತ್ರೆಯೇ ಸರಿ. ಬ್ರಿಟನ್ನಿನಲ್ಲಿ ನ್ಯಾಷನಲ್ ವಿಂಟೇಜ್ ಟ್ರ್ಯಾಕ್ಟರ್ ಆ್ಯಂಡ್ ಎಂಜಿನ್ ಕ್ಲಬ್ ಇದೆ. ಫರ್ಗ್ಯುಸನ್‌ಗೆ ಫ್ರೆಂಡ್ಸ್ ಆಫ್ ಫರ್ಗ್ಯುಸನ್ ಹೆರಿಟೇಜ್, ಎರಡು ಸಿಲಿಂಡರಿನ ಜಾನ್ ಡಿಯರ್‌ಗೆ ಟೂ ಸಿಲಿಂಡರ್ ಕ್ಲಬ್, ಹೀಗೆ ಒಂದೊಂದು ಮಾಡೆಲ್ಲಿಗೂ ಸಂಘಗಳಿವೆ. ಹತ್ತಿರ ಸಂಘ ಇಲ್ಲದಿದ್ದರೆ ಹಳೇ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೆಕ್ಯಾನಿಕ್ಕನ್ನು ಹುಡುಕಿ. ಅವರಿಗೆ ಎಲ್ಲ ಮಾಲೀಕರೂ ಗೊತ್ತು.

ಮಧ್ಯಾಹ್ನದ ಮೆರವಣಿಗೆ ಹೊತ್ತಿಗೆ ಹೋಗಬೇಡಿ. ಆಗ ಮಾಲೀಕರಿಗೆ ಪುರಸೊತ್ತಿರುವುದಿಲ್ಲ. ಬೆಳಿಗ್ಗೆ ಲಾರಿಯಿಂದ ಗಾಡಿ ಇಳಿಸುವ ಹೊತ್ತಿಗೆ ಹೋಗಿ. ಚಕ್ರಕ್ಕೆ ಅಡ್ಡ ಕೊಡಲು, ಹಗ್ಗ ಬಿಚ್ಚಲು ಒಂದು ಕೈ ಯಾವಾಗಲೂ ಕಡಿಮೆ ಇರುತ್ತದೆ. ಕೇಳದೆ ಸೀಟಿನ ಮೇಲೆ ಹತ್ತಬೇಡಿ. ಲಿವರ್ ಅಂತೂ ಮುಟ್ಟಲೇಬೇಡಿ. ಎಂಜಿನ್ ನಿಂತಿದ್ದರೂ ಹೈಡ್ರಾಲಿಕ್ ಲಿವರ್ ತಗ್ಗಿಸಿದರೆ ಎತ್ತಿಟ್ಟ ನೇಗಿಲು ಧೊಪ್ಪನೆ ಬೀಳುತ್ತದೆ. ಕೆಳಗೆ ಯಾರದ್ದಾದರೂ ಕಾಲಿದ್ದರೆ?

ಮೂರರಲ್ಲಿ ಉಳುಮೆ ಸ್ಪರ್ಧೆಗೇ ನನ್ನ ಓಟು. ಪ್ರದರ್ಶನದಲ್ಲಿ ಟ್ರ್ಯಾಕ್ಟರ್ ಸುಮ್ನೆ ನಿಂತಿರುತ್ತದೆ, ಇಲ್ಲಿ ಕೆಲಸ ಮಾಡುತ್ತದೆ. ವಿಶ್ವ ಉಳುಮೆ ಸ್ಪರ್ಧೆ 1953ರಲ್ಲಿ ಕೆನಡಾದಲ್ಲಿ ಶುರುವಾಯಿತು. ಸ್ಥಳೀಯ ಸ್ಪರ್ಧೆಗಳಲ್ಲಿ ಹಳೇ ಗಾಡಿಗಳಿಗೆ ಬೇರೆ ವಿಭಾಗ ಇರುವುದುಂಟು. ತೀರ್ಪುಗಾರರು ಮೊದಲ ಸಾಲು ನೇರ ಇದೆಯಾ, ಕೂಳೆ ಪೂರ್ತಿ ಮಣ್ಣಿನಡಿ ಹೋಗಿದೆಯಾ, ಸಾಲುಗಳ ಎತ್ತರ ಒಂದೇ ಸಮ ಇದೆಯಾ, ಕೊನೆ ಹೇಗೆ ಮುಗಿದಿದೆ ಎಂದು ನೋಡುತ್ತಾರೆ. ಅವರ ಹಿಂದೆ ದೂರದಿಂದ ನಡೆಯಿರಿ. ನೇಗಿಲಿನ ಬಗ್ಗೆ ಒಂದು ಪುಸ್ತಕ ಓದಿದ್ದಕ್ಕಿಂತ ಜಾಸ್ತಿ ತಲೆಗೆ ಹೋಗುತ್ತದೆ.

ಜಗಳಗಳ ಪರಿಚಯ

ಎರಡು ಜಗಳ ಎಂದೂ ಮುಗಿಯುವುದಿಲ್ಲ. ಮೊದಲನೆಯದು ಬಣ್ಣದ್ದು. ತುಕ್ಕು ಉಜ್ಜಿ ಹೊಸದರ ಹಾಗೆ ಹೊಳೆಯಿಸಬೇಕೇ, ಇಲ್ಲ ದುಡಿದ ಗುರುತು ಹಾಗೇ ಇರಲಿ ಎಂದು ಬಿಡಬೇಕೇ? ನಾನು ಎರಡನೇ ಪಂಗಡ. ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು, ಮೂಲ ಬಣ್ಣ ಒಮ್ಮೆ ಹೋದರೆ ಹೋಯಿತು.

ಎರಡನೆಯದು 6 ವೋಲ್ಟಿನದ್ದು. 8ಎನ್ ಬಂದಿದ್ದೇ 6 ವೋಲ್ಟ್ ಬ್ಯಾಟರಿಯೊಂದಿಗೆ, ಅದೂ ಪಾಸಿಟಿವ್ ಅರ್ಥ್. ಅಂದರೆ ಪ್ಲಸ್ ತಂತಿ ಚಾಸಿಗೆ. ಇದು ಗೊತ್ತಿಲ್ಲದವರು ಬ್ಯಾಟರಿ ತಿರುಗಾಮುರುಗಾ ಜೋಡಿಸುತ್ತಾರೆ. ಹಲವರು 12 ವೋಲ್ಟ್‌ಗೆ ಬದಲಿಸುತ್ತಾರೆ, ಸೆಲ್ಫ್ ಜೋರಾಗಿ ತಿರುಗುತ್ತದೆ. ಆದರೆ 6 ವೋಲ್ಟ್ ನಿಧಾನ ಎನ್ನುವವರ ಗಾಡಿಯಲ್ಲಿ ಅನೇಕ ಸಲ ಕಾರಿನ ತೆಳು ಕೇಬಲ್ಲೋ ತುಕ್ಕು ಹಿಡಿದ ಅರ್ಥ್ ತಂತಿಯೋ ಇರುತ್ತದೆ. ದಪ್ಪ ಕೇಬಲ್ ಹಾಕಿ, ತುದಿಗಳನ್ನು ಉಜ್ಜಿ, ಆಮೇಲೆ ನಿರ್ಧರಿಸಿ. ಹೊಸಬರು ಈ ವಾದಗಳಲ್ಲಿ ಮೊದಲ ವರ್ಷ ಬಾಯಿ ಹಾಕದಿರುವುದು ಕ್ಷೇಮ.

ಸುರಕ್ಷತೆ ವಿಷಯದಲ್ಲಿ ತಮಾಷೆ ಇಲ್ಲ

ಪುಟ್ಟ ಗಾಡಿ ಪಾಪ ಏನು ಮಾಡೀತು ಎಂಬ ಭಾವನೆ ಬೇಡ. ಇವುಗಳಿಗೆ ಮಗುಚಿದಾಗ ಕಾಪಾಡುವ ಚೌಕಟ್ಟು ಇರಲಿಲ್ಲ. ಸರಪಳಿ ಕಟ್ಟಿ ಎಳೆಯುವುದಿದ್ದರೆ ಕೆಳಗಿನ ಡ್ರಾಬಾರ್‌ಗೇ (ಎಳೆಯಲೆಂದೇ ಹಿಂದೆ ಇರುವ ಕಬ್ಬಿಣದ ಪಟ್ಟಿ) ಕಟ್ಟಬೇಕು. ಮೇಲಿನ ಕೊಂಡಿಗೋ ಆ್ಯಕ್ಸಲ್‌ಗೋ ಕಟ್ಟಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಗಾಡಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತದೆ.

ಪಿಟಿಒದ್ದು, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದೆ ಜೋಡಿಸಿದ ಯಂತ್ರಕ್ಕೆ ಕೊಡುವ ತಿರುಗುವ ಶಾಫ್ಟಿನದ್ದು, ಇನ್ನೊಂದು ಅಪಾಯ. ಟಿಇ20 ಮತ್ತು 8ಎನ್‌ನಲ್ಲಿ ಪಿಟಿಒ ಗೇರ್ ಬಾಕ್ಸಿನ ಮೂಲಕವೇ ಹೋಗುತ್ತದೆ. ಹಿಂದೆ ಹುಲ್ಲು ಕತ್ತರಿಸುವ ಭಾರದ ಬ್ಲೇಡ್ ತಿರುಗುತ್ತಿರುವಾಗ ನೀವು ಕ್ಲಚ್ ಒತ್ತಿದರೂ ಆ ಬ್ಲೇಡೇ ಚಕ್ರಗಳನ್ನು ತಿರುಗಿಸುತ್ತದೆ. ಗಾಡಿ ನಿಲ್ಲುವುದಿಲ್ಲ, ಬೇಲಿಗೆ ನುಗ್ಗುತ್ತದೆ. ಇದಕ್ಕೆ ಒಂದೇ ಕಡೆ ತಿರುಗುವ ಓವರ್‌ರನ್ ಕಪ್ಲಿಂಗ್ ಸಿಗುತ್ತದೆ. ಅದಿಲ್ಲದೆ ಹುಲ್ಲು ಕತ್ತರಿಸುವ ಯಂತ್ರ ಜೋಡಿಸಬೇಡಿ. ತಿರುಗುವ ಶಾಫ್ಟಿನ ಹತ್ತಿರ ಸಡಿಲ ಬಟ್ಟೆಯೂ ಬೇಡ.

ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಜಾರಿ ಬಿಟ್ಟುಹೋಗಬೇಕು. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ.

ಈಗ ಗಾಡಿ ಕೊಳ್ಳಿ

ಬಳಗದವರೊಬ್ಬರನ್ನು ಕರೆದುಕೊಂಡೇ ಹೋಗಿ. ಮಾರುವವರಿಗೆ ‘ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿರಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗುವುದನ್ನು ನೋಡಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬ್ಲಾಕಿನಲ್ಲಿ ಬೆಸುಗೆಯ ಗುರುತಿದೆಯಾ ನೋಡಿ. ಹಿಂದಿನ ಚಕ್ರದ ರಿಮ್ಮನ್ನು ವಾಲ್ವ್ ಹತ್ತಿರ ಪರೀಕ್ಷಿಸಿ. ತೂಕಕ್ಕೆಂದು ಟೈರಿನೊಳಗೆ ತುಂಬಿದ ಕ್ಯಾಲ್ಸಿಯಂ ಕ್ಲೋರೈಡ್ ನೀರು ಸೋರಿ ರಿಮ್ ಅಲ್ಲೇ ತಿಂದುಹೋಗಿರುತ್ತದೆ. ಹೊರಗಿನ ಬಣ್ಣ ತೀರಾ ಹೊಸದಾಗಿದ್ದರೆ ಸಂತೋಷಪಡುವ ಮೊದಲು ಕೆಳಗೆ ಬಗ್ಗಿ ನೋಡಿ.

ಕಾಗದ ಪತ್ರ, ರಸ್ತೆಯ ನಿಯಮ ಎಲ್ಲ ಕಡೆ ಬೇರೆ ಬೇರೆ. ಅದನ್ನು ಅಲ್ಲಿನ ಸಂಘದವರನ್ನೇ ಕೇಳುವುದು ಒಳ್ಳೆಯದು.

ಬಿಡಿಭಾಗದ ವ್ಯವಹಾರ

ಗಾಡಿ ಬಂದ ಮೇಲೆ ಮನೆಯಲ್ಲಿ ಕಬ್ಬಿಣದ ರಾಶಿ ಬೆಳೆಯುತ್ತದೆ. ಇದೇ ನಿಮ್ಮ ಬಂಡವಾಳ, ಯಾಕೆಂದರೆ ಇಲ್ಲಿ ವಸ್ತು ಕೊಟ್ಟು ವಸ್ತು ತೆಗೆದುಕೊಳ್ಳುವುದು ಸಾಮಾನ್ಯ. ಕೊಡುವ ಪ್ರತಿ ಭಾಗಕ್ಕೂ ಒಂದು ಚೀಟಿ ಕಟ್ಟಿ. ಯಾವ ಮಾಡೆಲ್, ಯಾವ ನಂಬರಿನ ಗಾಡಿಯಿಂದ ತೆಗೆದದ್ದು, ಅದರ ಮೇಲಿರುವ ಅಚ್ಚಿನ ನಂಬರ್ ಎಷ್ಟು, ಓಡುವ ಗಾಡಿಯಿಂದ ಬಂದದ್ದೋ ಗುಜರಿಯಿಂದಲೋ, ಎಲ್ಲ ಬರೆಯಿರಿ. ಪರೀಕ್ಷಿಸದ ಕಾರ್ಬುರೇಟರ್ ಆಗಿದ್ದರೆ ‘ಪರೀಕ್ಷಿಸಿಲ್ಲ’ ಎಂದೇ ಬರೆಯಿರಿ. ಹಾಗೆ ಬರೆದರೂ ಅದು ಖರ್ಚಾಗುತ್ತದೆ, ಚಿಂತೆ ಬೇಡ. ಅದನ್ನು ಬಿಚ್ಚಿ ನೋಡುವ ಆಸೆಗೇ ತೆಗೆದುಕೊಳ್ಳುವವರು ಇಲ್ಲಿ ತುಂಬಾ ಜನ ಇದ್ದಾರೆ.