ನೆರೆ ಇಳಿದ ಮೇಲೆ ರೇಷನ್ ಹಂಚಿಕೆ: ಮನೆ ಎಣಿಸಬೇಡಿ, ಒಲೆ ಎಣಿಸಿ

ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆಂದು ಸುದ್ದಿ ಬಂದರೆ ಅಫಜಲಪುರ, ಜೇವರ್ಗಿ ಭಾಗದ ಭೀಮಾ ನದಿದಂಡೆಯ ಊರುಗಳಿಗೆ ಗಂಟುಮೂಟೆ ಕಟ್ಟಲು ಒಂದಿಷ್ಟು ಸಮಯವಾದರೂ ಸಿಗುತ್ತದೆ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿದಾಗ ಕಲಬುರಗಿ, ಯಾದಗಿರಿ ಜಿಲ್ಲೆಗಳ ಜನ ಕಾಳಜಿ ಕೇಂದ್ರ ಸೇರಿದರು. ಅಲ್ಲಿರುವಷ್ಟು ದಿನ ಊಟಕ್ಕೆ ದಾರಿ ಇರುತ್ತದೆ. ಮನೆಗೆ ಮರಳಿದರೆ ಜೋಳದ ಚೀಲ ಮೊಳಕೆಯೊಡೆದಿರುತ್ತದೆ, ಕಟ್ಟಿಗೆ ತೊಯ್ದಿರುತ್ತದೆ, ಹೊಲದಲ್ಲಿ ನೀರು ನಿಂತು ಕೂಲಿಯೂ ಇರುವುದಿಲ್ಲ. ಆ ಹೊತ್ತಿನಲ್ಲಿ ಒಂದು ಕುಟುಂಬವೂ ತಪ್ಪಿಹೋಗದಂತೆ ಆಹಾರ ನೆರವು ಮುಟ್ಟಿಸಲು ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು, ಊರಿನ ಹುಡುಗರು ಹೀಗೆ ಮಾಡಬಹುದು.

ಮೊದಲು ಪಟ್ಟಿ

ಎಲ್ಲ ಜಗಳದ ಮೂಲ ಪಟ್ಟಿ. ಬಾಗಿಲ ಮೇಲಿನ ನಂಬರು ನೋಡಿ ಬರೆದರೆ ಒಂದೇ ಸೂರಿನಡಿ ಬೇರೆ ಬೇರೆ ಅಡುಗೆ ಮಾಡಿಕೊಳ್ಳುವ ಮೂವರು ಅಣ್ಣತಮ್ಮಂದಿರಿಗೆ ಸೇರಿ ಒಂದೇ ಆಹಾರ ಕಿಟ್ ಬರುತ್ತದೆ. ಆಗ ಮೂರು ದಿನದ ಅಕ್ಕಿ ಒಂದೇ ದಿನಕ್ಕೆ ಮುಗಿಯುತ್ತದೆ. ಹಾಗಾಗಿ ಹೊಸಿಲಲ್ಲಿ ನಿಂತು ಮೊದಲು ಕೇಳಬೇಕಾದ್ದು ಇಷ್ಟೇ: ‘ಯವ್ವಾ, ನಿಮ್ಮ ಒಲಿ ಬ್ಯಾರೆ ಐತೇನು?’ ಒಂದೊಂದು ಒಲೆಗೆ ಒಂದೊಂದು ಸಾಲು. ಅದರಲ್ಲಿ ಈ ಒಲೆಯ ಮೇಲೆ ಉಣ್ಣುವವರೆಷ್ಟು, ಅವರಲ್ಲಿ ಮಕ್ಕಳು, ಬಾಣಂತಿಯರು, ಬಸುರಿಯರೆಷ್ಟು, ರೇಷನ್ ಕಾರ್ಡ್ ಇದೆಯೇ, ಮನೆಯೊಳಗೆ ನೀರು ಎಷ್ಟು ದಿನ ನಿಂತಿತ್ತು ಎಂದು ಬರೆಯಿರಿ.

ನಮ್ಮ ಕಡೆ ಇನ್ನೊಂದು ಮಾತು ಮರೆಯುವಂತಿಲ್ಲ. ದುಡಿಯುವವರು ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿರುತ್ತಾರೆ. ಕಾರ್ಡಿನಲ್ಲಿ ಆರು ಹೆಸರು, ಮನೆಯಲ್ಲಿ ಒಬ್ಬ ಮುದುಕಿ. ಕಿಟ್ ಬಂದಿದೆ ಎಂದು ಮೈಕಿನಲ್ಲಿ ಕೂಗಿದರೆ ಆಕೆಗೆ ಕೇಳಿಸುವುದಿಲ್ಲ. ಕೇಳಿಸಿದರೂ ಅಷ್ಟು ಭಾರ ಹೊತ್ತು ತರಲಾಗದು. ಊರಾಚೆಯ ತಾಂಡಾ, ಹೊಲದಲ್ಲೇ ಗುಡಿಸಲು ಹಾಕಿಕೊಂಡವರು, ಬಾಡಿಗೆ ಮನೆಯವರು ಪಟ್ಟಿಯಿಂದ ಬಿಟ್ಟುಹೋಗುವುದೇ ಹೆಚ್ಚು. ಎಣಿಕೆಯನ್ನು ಅಲ್ಲಿಂದಲೇ ಶುರುಮಾಡಿ.

ಪಟ್ಟಿಯ ಒಂದು ಪ್ರತಿ ಗ್ರಾಮ ಆಡಳಿತಾಧಿಕಾರಿಗೆ (ನಮ್ಮ ಜನ ಇಂದಿಗೂ ತಲಾಟಿ ಎನ್ನುತ್ತಾರೆ), ಒಂದು ಪಿಡಿಒಗೆ, ಒಂದು ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ, ಓದು ಬಾರದವರಿಗಾಗಿ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿ. ಬಿಟ್ಟುಹೋದ ಹೆಸರು ಅಲ್ಲೇ ಸೇರುತ್ತದೆ, ಸುಳ್ಳು ಹೆಸರು ಅಲ್ಲೇ ಬೀಳುತ್ತದೆ. ಸುಳ್ಳು ಹೇಳಿ ಪರಿಹಾರ ಪಡೆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು ಶಿಕ್ಷೆಯಿದೆ ಎಂಬುದನ್ನೂ ಆಗಲೇ ಹೇಳಿಬಿಡಿ.

ಕಾರ್ಡ್ ನೀರುಪಾಲಾದರೆ

ಕಾರ್ಡ್ ಹೋದರೆ ರೇಷನ್ ಹಕ್ಕು ಹೋಗುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕೆ.ಜಿ., ಆದ್ಯತಾ (ಬಿಪಿಎಲ್ ಕಾರ್ಡಿನ) ಕುಟುಂಬದ ಪ್ರತಿಯೊಬ್ಬರಿಗೆ 5 ಕೆ.ಜಿ. ಧಾನ್ಯ ಸಿಗಲೇಬೇಕು. ಊರಿನ ನ್ಯಾಯಬೆಲೆ ಅಂಗಡಿಯೇ ಮುಳುಗಿದ್ದರೆ ಪಕ್ಕದೂರಿನ ಅಂಗಡಿಯಲ್ಲೂ ಪಡೆಯಬಹುದು. ‘ಒಂದು ದೇಶ ಒಂದು ರೇಷನ್ ಕಾರ್ಡ್’ ವ್ಯವಸ್ಥೆಯಲ್ಲಿ ಪುಣೆಯಲ್ಲಿರುವ ಮಗ ತನ್ನ ಪಾಲನ್ನು ಅಲ್ಲೇ ತೆಗೆದುಕೊಂಡು, ಉಳಿದದ್ದನ್ನು ಊರಿನವರು ಇಲ್ಲಿ ತೆಗೆದುಕೊಳ್ಳಬಹುದು. ಹೆಬ್ಬೆಟ್ಟು ಹೊಂದದ ಹಿರಿಯರ ಹೆಸರನ್ನು ಆಹಾರ ನಿರೀಕ್ಷಕರಿಗೆ ಮೊದಲೇ ಬರೆದುಕೊಡಿ. ಯಂತ್ರ ಒಪ್ಪಲಿಲ್ಲವೆಂದು ಅವರನ್ನು ಬರಿಗೈಲಿ ಕಳಿಸುವುದು ಅನ್ಯಾಯ. ನಿಗದಿಯಾದ ಧಾನ್ಯ ಕೊಡದೇ ಹೋದರೆ ಅದರ ಬದಲಿಗೆ ಭತ್ಯೆ ಕೇಳಲು ಇದೇ ಕಾಯ್ದೆಯ 8ನೇ ಕಲಮಿನಲ್ಲಿ ಅವಕಾಶವಿದೆ.

ಕಿಟ್‌ನಲ್ಲಿ ಏನಿರಬೇಕು

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾರ್ಗಸೂಚಿ ಪರಿಹಾರ ಕೇಂದ್ರದಲ್ಲಿ ದಿನಕ್ಕೆ ವಯಸ್ಕರಿಗೆ 2,400, ಮಕ್ಕಳಿಗೆ 1,700 ಕಿಲೋಕ್ಯಾಲರಿ ಆಹಾರ ಇರಬೇಕು ಎನ್ನುತ್ತದೆ. ಮನೆಗೆ ಕೊಡುವ ಕಿಟ್ಟಿಗೂ ಅದೇ ಅಳತೆ ಹಿಡಿಯಿರಿ. ಐವರು ದೊಡ್ಡವರಿರುವ ಮನೆಗೆ ದಿನಕ್ಕೆ 12,000 ಬೇಕು. ಹತ್ತು ಕೆ.ಜಿ. ಅಕ್ಕಿಯಿಂದ ಸಿಗುವುದು ಸುಮಾರು 34,500, ಅಂದರೆ ಮೂರು ದಿನಕ್ಕೂ ಪೂರಾ ಸಾಲದು. ಅಕ್ಕಿಚೀಲದ ಜತೆ ಎಣ್ಣೆ, ಬೇಳೆ ಇರಲೇಬೇಕು. ತೊಗರಿಯ ನಾಡಿನಲ್ಲಿ ಬೇಳೆಯಿಲ್ಲದ ಕಿಟ್ ಹಂಚುವುದು ನನಗಂತೂ ಸರಿಕಾಣುವುದಿಲ್ಲ.

ಆದರೆ ಒಲೆ ಹತ್ತದ ಮೊದಲ ದಿನಗಳಲ್ಲಿ ಬೇಳೆ ಬೇಯಿಸುವುದೆಲ್ಲಿ? ಆಗ ಬೇಕಾದ್ದು ಕಟಕ ರೊಟ್ಟಿ, ಶೇಂಗಾ ಹಿಂಡಿ, ಚುರುಮುರಿ, ಪುಟಾಣಿ, ಬೆಲ್ಲ. ನೆರೆಗೆ ಸಿಗದ ಊರುಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದು ಕಳಿಸುವಾಗ ಒಂದು ಎಚ್ಚರಿಕೆ ಬೇಕು. ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವೆತು ಮಾರನೆಯ ದಿನವೇ ಬೂಸಲು ಹಿಡಿಯುತ್ತದೆ. ಹೆಂಚಿನಿಂದ ತೆಗೆದ ರೊಟ್ಟಿಯನ್ನು ಒಂದೊಂದಾಗಿ ಅರಿವೆಯ ಮೇಲೆ ಹರವಿ, ಪೂರ್ತಿ ಆರಿ ಮುರಿದರೆ ‘ಟಕ್’ ಎನ್ನುವ ಹಾಗಾದ ಮೇಲೆ ಬಟ್ಟೆಯಲ್ಲಿ ಕಟ್ಟಿ. ಕೂಸುಗಳಿಗೆ ಹಾಲು, ಎಲ್ಲರಿಗೂ ಕುಡಿಯುವ ನೀರು ಬೇರೆಯಾಗಿಯೇ ಕಳಿಸಬೇಕು. ಕುಡಿಯಲು ತಲೆಗೆ ದಿನಕ್ಕೆ ಮೂರು ಲೀಟರ್ ಲೆಕ್ಕ ಹಿಡಿಯಿರಿ.

ಹಂಚುವ ದಿನ

ಹಿಂದಿನ ದಿನವೇ ಒಲೆಗೊಂದು ಚೀಟಿ ಕೊಟ್ಟು ಬರುವ ಹೊತ್ತು ಹೇಳಿ. ಎಲ್ಲರೂ ಸಂಕೋಚವಿಲ್ಲದೆ ಬರುವ ಜಾಗ ಆರಿಸಿ, ಶಾಲೆ ಒಳ್ಳೆಯದು. ಪರಿಹಾರದಲ್ಲಿ ಜಾತಿ, ಧರ್ಮ, ಲಿಂಗದ ಭೇದ ಮಾಡುವುದನ್ನು ವಿಪತ್ತು ಕಾಯ್ದೆಯ 61ನೇ ಕಲಂ ನಿಷೇಧಿಸಿದೆ. ನಡೆಯಲಾಗದವರ ಮನೆಗೆ ಹುಡುಗರು ಕಿಟ್ ಹೊತ್ತು ಮುಟ್ಟಿಸಲಿ.

ಖಾತೆಗೆ ಬರಬೇಕಾದ ಹಣ

2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿಪಡಿಸಿದ ವಿಪತ್ತು ಪರಿಹಾರ ನಿಧಿಯ ನಿಯಮದಂತೆ, ಮನೆ ಕೊಚ್ಚಿಹೋದರೆ, ಪೂರ್ತಿ ಹಾಳಾದರೆ ಅಥವಾ ಎರಡು ದಿನಕ್ಕಿಂತ ಹೆಚ್ಚು ಮುಳುಗಿದ್ದರೆ ಬಟ್ಟೆಗೆ 2,500, ಪಾತ್ರೆ–ಸಾಮಾನಿಗೆ 2,500 ರೂಪಾಯಿ ನಿಗದಿಯಾಗಿತ್ತು. ‘ಎರಡು ದಿನ’ ಎಂಬ ಮಾತಿಗಾಗಿಯೇ ಗೋಡೆಯ ನೀರಿನ ಗೆರೆಯ ಫೋಟೊವನ್ನು ಸುಣ್ಣ ಬಳಿಯುವ ಮೊದಲು, ತಾರೀಖು ಕಾಣುವಂತೆ ತೆಗೆದಿಟ್ಟುಕೊಳ್ಳಿ. ದುಡಿಮೆಗೆ ತೀವ್ರ ಪೆಟ್ಟುಬಿದ್ದ ಕುಟುಂಬದ ಇಬ್ಬರು ವಯಸ್ಕರಿಗೆ ಉದ್ಯೋಗ ಖಾತ್ರಿಯ ದಿನಗೂಲಿ ದರದಲ್ಲಿ ನೆರವು ಕೊಡಲೂ ಅದೇ ನಿಯಮದಲ್ಲಿ ಅವಕಾಶವಿತ್ತು. ಕಾಳಜಿ ಕೇಂದ್ರದಲ್ಲಿ ಉಳಿದವರಿಗೆ ಇದು ಅನ್ವಯಿಸುತ್ತಿರಲಿಲ್ಲ. ಹಣ ಖಾತೆಗೇ ಬರುವುದರಿಂದ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ.

ರೇಷನ್ ಅಂಗಡಿಯ ದೂರಿದ್ದರೆ 1967ಕ್ಕೆ, ನೆರೆ ಪರಿಹಾರದ ತಕರಾರಿದ್ದರೆ ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ಮಾತಾಡಿದವರ ಹೆಸರು, ಕರೆ ಮಾಡಿದ ಹೊತ್ತು, ದೂರಿನ ಸಂಖ್ಯೆಯನ್ನು ಪಟ್ಟಿಯಲ್ಲಿ ಆ ಒಲೆಯ ಸಾಲಿನ ಮುಂದೆಯೇ ಬರೆದಿಡಿ.